ಮೂವತ್ತಡಿ ಬೇಲಿ

ಕನ್ವೀನರ್ ಕುರ್ಚಿ ತನಗೇ ಅಂತ ಲಕ್ಷ್ಮೀಪತಿ ಅವತ್ತು ಹೊಸ ಅಂಗಿ ಬೇರೆ ಹಾಕ್ಕೊಂಡು ಬಂದಿದ್ದ. ಯಾಕೆ ಹಾಕ್ಕೋಬಾರದು? ಹೊಸೂರಿನ ಟ್ರಾನ್ಸ್‌ಫಾರ್ಮರ್ ತಯಾರಕರ ತಾಂತ್ರಿಕ ಸಮಿತಿಯಲ್ಲಿ ವರ್ಷಗಟ್ಟಲೆ ಮಿನಿಟ್ಸ್ ಬರೆದವನು ಅವನು. ಈಗ ಕನ್ವೀನರ್ ಬೇಕಾಗಿದ್ದ ಹೊಸ ಉಪಸಮಿತಿಯ ಕೆಲಸ ಏನಪ್ಪಾ ಅಂದರೆ, ಆನೆ ಓಡಾಡೋ ಹಳ್ಳಿಗಳಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಎಷ್ಟು ದೂರಕ್ಕೆ ಬೇಲಿ ಹಾಕಬೇಕು ಅಂತ ನಿಯಮ ಬರೆಯೋದು. ಇಡೀ ಸಮಿತಿಯಲ್ಲಿ ಆನೆ ನುಗ್ಗೋ ಸಾನಮಾವು ಹಳ್ಳಿಯವನು ಅವನೊಬ್ಬನೇ. ಆನೆ ಲದ್ದಿ ದಾಟಿಕೊಂಡು ಇಸ್ಕೂಲಿಗೆ ಹೋದವನು.

ಅಧ್ಯಕ್ಷ ಕುಮಾರೇಶ್ ಗಂಟಲು ಸರಿಮಾಡಿಕೊಂಡು ಹೇಳಿದರು: "ಕನ್ವೀನರ್, ಕಲ್ಪನಾ."

ಲಕ್ಷ್ಮೀಪತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ತಟ್ಟುತ್ತಲೇ ಲೆಕ್ಕ ಹಾಕಿದ. ಅಂಚೆಟ್ಟಿಯಿಂದ ಬಂದ ಈ ಹುಡುಗಿಗೆ ಫ್ಯಾಕ್ಟರಿಯಲ್ಲಿ ಮೀಟರ್ ಹಿಡಿಯೋದು ಕಲಿಸಿದ್ದು ಯಾರು? ಇವನೇ.

ಮುಂದಿನ ಮೀಟಿಂಗಿಗೆ ಕಲ್ಪನಾ ಕರಡು ತಂದಳು. ಬೇಲಿ ಹತ್ತಡಿ ದೂರದಲ್ಲಿರಲಿ, ಆನೆ ಸೊಂಡಿಲು ಚಾಚಿದರೂ ಎಟುಕಲ್ಲ. ಸರಿಯಾಗೇ ಇತ್ತು. ತಾನು ಬರೆದಿದ್ದರೂ ಹತ್ತಡಿ ಅಂತಲೇ ಬರೀತಿದ್ದೆ ಅನ್ನೋದು ಅವನಿಗೆ ಇನ್ನೂ ಉರಿ ಹತ್ತಿಸಿತು.

"ನಂದು ಆಕ್ಷೇಪ ಇದೆ," ಅಂದುಬಿಟ್ಟ.

ಆ ಸಮಿತಿಯಲ್ಲಿ ಒಂದು ಪದ್ಧತಿ. ಆಕ್ಷೇಪ ಎತ್ತಿದವನು ಬೇರೆ ಅಳತೆ ಅಲ್ಲೇ ಹೇಳಬೇಕು, ಜಾಗಕ್ಕೆ ತಾನೇ ಹೋಗಿ ಕನ್ವೀನರಿಗೆ ಗೂಟ ಹೊಡೆದು ತೋರಿಸಬೇಕು.

"ಸರಿ ಸಾರ್, ಎಷ್ಟಿರಲಿ?" ಕುಮಾರೇಶ್ ಕೇಳಿದರು.

"ಮೂವತ್ತಡಿ."

"ಯಾವೂರಲ್ಲಿ ಅಳೀತೀರಾ?"

ಆನೆ ವಿಷಯ ಬಲ್ಲವನು ತಾನೇ ಅಂತ ತೋರಿಸೋ ಭರದಲ್ಲಿ ಎದೆಯುಬ್ಬಿಸಿ ಅಂದ: "ನಮ್ಮೂರಲ್ಲೇ!"

ಸಾನಮಾವಿನ ಟ್ರಾನ್ಸ್‌ಫಾರ್ಮರ್ ನಿಂತಿರೋದು ಅವನ ತಾಯಿ ನಾರಾಯಣಮ್ಮನ ಹೊಲದ ಬದುವಿನ ಪಕ್ಕದ ಬೀಳು ನೆಲದಲ್ಲಿ ಅನ್ನೋದು ನೆನಪಾಗುವಷ್ಟರಲ್ಲಿ ಟೀ ಬಂದಿತ್ತು.

ಭಾನುವಾರ ಅವನೂ ಕಲ್ಪನಾಳೂ ಟೇಪು ಹಿಡಿದು ಹೋದರು. ಹತ್ತಡಿಯ ಗೂಟ ಬದುವಿನಾಚೆಯ ಬೀಳಿನಲ್ಲೇ ಮುಗೀತು. ಮೂವತ್ತಡಿಯ ಗೂಟಗಳು ಅವರೆ ಸಾಲಿನ ನಟ್ಟನಡುವೆ ಇಳಿದವು. ನಾರಾಯಣಮ್ಮ ಕುಡುಗೋಲು ಹಿಡ್ಕೊಂಡೇ ಬಂದಳು.

"ಏನ್ಲಾ ಇದು? ಕಾಯಿ ತುಂಬ್ಕೊಂಡಿರೋ ಗಿಡದೊಳಗೆ ಗೂಟ ಹೊಡೀತಿದ್ದೀಯಲ್ಲ!"

"ಬೇಲಿ ಬತ್ತದಂತೆ ಕಣವ್ವ. ಆನೆಗೆ."

"ಆನೆ ಬಂದ್ರೂ ಒಂದು ಮೂಲೆ ತಿಂದು ಹೋಗ್ಬುಡ್ತದೆ. ನಿನ್ ಬೇಲಿ ಅರ್ಧ ಹೊಲ ನುಂಗ್ತದಲ್ಲೋ! ಯಾವ ಬುದ್ಧಿಗೇಡಿ ಹೇಳಿದ್ದು ಹಿಂಗೆ ಹಾಕು ಅಂತ?"

ಲಕ್ಷ್ಮೀಪತಿ ಟೇಪು ಸುತ್ತತೊಡಗಿದ. ಈಗ ಕಲ್ಪನಾ ನನ್ನ ಹೆಸರು ಹೇಳ್ತಾಳೆ, ಹೇಳೇಬಿಡ್ತಾಳೆ ಅಂತ ಕಿವಿ ಕಾದವು.

"ಕಮಿಟಿ ಹೇಳ್ತು ಅವ್ವಾ," ಅಂದಳು ಕಲ್ಪನಾ. "ಇನ್ನೂ ತೀರ್ಮಾನ ಆಗಿಲ್ಲ."

"ನೀನಾದ್ರೂ ಒಂದ್ ಮಾತು ಹೇಳು ತಾಯಿ. ಇವನಿಗೆ ಮೊದ್ಲಿಂದ್ಲೂ ಅಳತೆ ಗೊತ್ತಿಲ್ಲ. ಚಡ್ಡಿ ಹೊಲಿಸೋವಾಗ್ಲೂ ದೊಡ್ಡದೇ ಬೇಕು ಅಂತಿದ್ದ."

ಕಲ್ಪನಾ ನಗು ತಡೆಯೋಕೆ ಮುಖ ಅತ್ತ ತಿರುಗಿಸಿದಳು. ತನ್ನ ಮಾನ ಉಳಿಸಿದಳಲ್ಲ ಅಂತ ಲಕ್ಷ್ಮೀಪತಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಆ ಜಾಗದಲ್ಲಿ ತಾನಿದ್ದಿದ್ದರೆ ಹೆಸರು ಹೇಳೇಬಿಡ್ತಿದ್ದೆ ಅನ್ನಿಸಿ, ಅವಳ ಆ ದೊಡ್ಡತನದ ಮೇಲೂ ಹೊಟ್ಟೆಕಿಚ್ಚಾಯಿತು.

ತಾಯಿ ಅತ್ತ ಹೋದ ಮೇಲೆ ಮೆಲ್ಲಗೆ ಅಂದ: "ಆಕ್ಷೇಪ ವಾಪಸ್ ತಗೋತೀನಿ, ಬಿಡು."

"ಬಾಯಿಮಾತಲ್ಲಿ ಆಗಲ್ಲಣ್ಣ. ಪದ್ಧತಿ ನಿಮಗೇ ಗೊತ್ತಲ್ಲ. ಕನ್ವೀನರಿಗೆ ಬರೆದು ಕಳಿಸಬೇಕು."

ಗೂಟ ಒಂದೊಂದಾಗಿ ಕಿತ್ತ. ಆಮೇಲೆ ಬದುವಿನ ಮೇಲೆ ಕೂತು ಫೋನ್ ತೆಗೆದ. ಮುರಿದ ಅವರೆ ಗಿಡದ ಕಾಯಿಗಳನ್ನೆಲ್ಲ ಆಯ್ದು ನಾರಾಯಣಮ್ಮ ಕಲ್ಪನಾಳ ಚೀಲಕ್ಕೆ ತುಂಬುತ್ತಿದ್ದಳು, ಸೊಗಡು ಚೆನ್ನಾಗಿ ಅದೆ ತಾಯಿ, ಸಾರಿಗೆ ಹಾಕು ಅಂತ.

"ನಂಗೆ?" ಅಂದ ಲಕ್ಷ್ಮೀಪತಿ.

"ನೀನು ಕೆಡಿಸಿದ್ದು ಸಾಕು, ಅದೇನ್ ಬರೀತಿದ್ದೀಯೋ ಬರಿ."

ಅವನು ಬರೆದ. ಮಾನ್ಯ ಕನ್ವೀನರ್ ಅವರಿಗೆ, ಅಂತ.