ನಾಲ್ಕನೆಯ ಪ್ರಶ್ನೆ

ಸ್ಕ್ಯಾನ್ ಸೆಂಟರಿನ ಕೌಂಟರಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ, ನೋಡಬೇಕೆಂದು ಬಂದದ್ದನ್ನು ನೋಡಿದೆ. ಬೆಳಿಗ್ಗೆ ಏಳೂವರೆಗೆ ಹಿರಿಯ ಟೆಕ್ನೀಷಿಯನ್ ಟೀ ಲೋಟ ಪಕ್ಕಕ್ಕಿಟ್ಟುಕೊಂಡು, ಮೂವತ್ತು ಫಾರಂಗಳ ಕಟ್ಟನ್ನು ಮುಂದೆಳೆದುಕೊಂಡ. ಪ್ರತಿ ಫಾರಂನಲ್ಲಿ ಒಂಬತ್ತು ಪ್ರಶ್ನೆ, ಪ್ರತಿ ಪ್ರಶ್ನೆಗೆ ‘ಹೌದು’, ‘ಇಲ್ಲ’ ಎಂಬ ಎರಡು ಚೌಕ. ಆತ ಪ್ರಶ್ನೆಗಳ ತಂಟೆಗೇ ಹೋಗಲಿಲ್ಲ. ‘ಇಲ್ಲ’ಗಳ ಸಾಲಿನ ಮೇಲೆ ನೀಲಿ ಪೆನ್ನಿನಿಂದ ಮೇಲಿಂದ ಕೆಳಕ್ಕೆ ಒಂದೇ ಗೆರೆ. ಟೀ ಆರುವುದರೊಳಗೆ ಮೂವತ್ತೂ ಮುಗಿದವು. ಅಲ್ಲಿ ಎಲ್ಲರೂ ಅವನನ್ನು ಸ್ಪೀಡಣ್ಣ ಎನ್ನುತ್ತಿದ್ದರು.

ಆ ಗೆರೆ ನನಗೆ ಹೊಸದಲ್ಲ. ಎಂಟು ತಿಂಗಳ ಹಿಂದೆ ಅಪ್ಪನ ಫಾರಂ ಮೇಲೂ ಅದೇ ಇತ್ತು.

ಅಪ್ಪ ತಕ್ಕಡಿ ರಿಪೇರಿ ಮಾಡುವವರು. ಕಿಡ್ನಿ ಮುಕ್ಕಾಲು ಸೋತಿದ್ದರೂ ಮಾತ್ರೆ, ಪಥ್ಯದಲ್ಲಿ ಹೇಗೋ ದಿನ ದೂಡುತ್ತಿದ್ದರು. ಹೊಟ್ಟೆನೋವಿಗೆಂದು ಸ್ಕ್ಯಾನ್ ಬರೆದುಕೊಟ್ಟರು. ಒಳಗಿನದೆಲ್ಲ ಚಿತ್ರದಲ್ಲಿ ಎದ್ದು ಕಾಣಲೆಂದು ನರಕ್ಕೆ ಕಾಂಟ್ರಾಸ್ಟ್ ಮದ್ದು ಬಿಡುತ್ತಾರೆ. ಅದನ್ನು ಹೊರಗೆ ಹಾಕಬೇಕಾದದ್ದು ಕಿಡ್ನಿಯೇ. ಫಾರಂನ ನಾಲ್ಕನೆಯ ಪ್ರಶ್ನೆ: ‘ಕಿಡ್ನಿ ತೊಂದರೆ ಇದೆಯೇ?’ ಗೆರೆ ಆಗಲೇ ಬಿದ್ದಿತ್ತು. ರಕ್ತದ ರಿಪೋರ್ಟು ನನ್ನ ಬ್ಯಾಗಿನಲ್ಲಿತ್ತು.

“ಸಾರ್, ಇದು...” ಎಂದೆ ಸ್ಪೀಡಣ್ಣನಿಗೆ.

“ಸೈನ್ ಹಾಕಮ್ಮ. ಹೊರಗೆ ಹದಿನಾಲ್ಕು ಜನ ಕೂತಿದಾರೆ.”

ಅಷ್ಟಕ್ಕೇ ಬ್ಯಾಗಿಗೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಇಳಿಯುವ ಜಾಗ ಬಂದರೂ ಬಾಯಿಬಿಡಲಾರದೆ ಮುಂದಿನ ಸ್ಟಾಪಿನಿಂದ ಹಿಂದಕ್ಕೆ ನಡೆದು ಬರುವವಳು ನಾನು. ಸೈನ್ ಹಾಕಿದೆ.

ಮೂರನೆಯ ದಿನ ಅಪ್ಪನಿಗೆ ಮೂತ್ರ ನಿಂತಿತು. ಅಂದಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಯ ದೊಡ್ಡ ಡಾಕ್ಟರು, “ಆ ಮದ್ದೊಂದೇ ಕಾರಣ ಅಂತ ಹೇಳೋಕಾಗಲ್ಲಮ್ಮ,” ಎಂದರು. ಅಪ್ಪ ಈಗ ಕುಡಿಯುವ ನೀರನ್ನು ತಮ್ಮದೇ ತಕ್ಕಡಿಯಲ್ಲಿ ತೂಗಿಕೊಳ್ಳುತ್ತಾರೆ. ಡೈರಿಯಲ್ಲಿ ನಾನು ಒಂದೇ ಸಾಲು ಬರೆದೆ: ಅವನಿಗೂ ಗೊತ್ತಾಗಬೇಕು.

ಸ್ಪೀಡಣ್ಣ ನನ್ನ ಗುರುತು ಹಿಡಿಯಲಿಲ್ಲ. ಅವತ್ತು ಮುಖ ನೋಡಿದ್ದರೆ ತಾನೇ. ನಾನು ಕೌಂಟರಿಗೆ ಬಂದವರನ್ನೆಲ್ಲ ನಾಲ್ಕನೆಯ ಪ್ರಶ್ನೆ ಮೆಲ್ಲಗೆ ಕೇಳುತ್ತ, ‘ಇದೆ’ ಎಂದವರಿಗೆ ಹೊಸ ಫಾರಂ ತುಂಬಿ ಸೆಂಟರಿನ ಡಾಕ್ಟರ ಕೋಣೆಗೆ ಕಳಿಸುತ್ತ, ಐದು ವಾರ ಕಾದೆ.

ಆರನೆಯ ವಾರ ಅವನು ತನ್ನ ತಾಯಿಯನ್ನೇ ಕರೆತಂದ. ಸ್ಟಾಫಿನ ಮನೆಯವರಿಗೆ ಸಾಲಿಲ್ಲ, ಪಕ್ಕದ ಬಾಗಿಲು. ಕಟ್ಟಿನಿಂದ ಒಂದು ಫಾರಂ ಎಳೆದು, ಹೆಸರು ಬರೆದು, ಅವರಿಂದ ಸೈನ್ ಹಾಕಿಸಿದ. “ಹತ್ತು ನಿಮಿಷ ಇಲ್ಲೇ ಕೂತಿರಮ್ಮ,” ಎಂದು ಅವರನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹೋದ.

“ಹತ್ತು ನಿಮಿಷ ಅಂದ್ರೆ ಐದಕ್ಕೇ ಬರ್ತಾನೆ ನೋಡು,” ಎಂದರು ಅವರು. “ಹುಟ್ಟುವಾಗ್ಲೂ ಹಂಗೇ. ಒಂಬತ್ತು ತಿಂಗಳು ಕಾಯೋಕೂ ಪುರುಸೊತ್ತಿಲ್ಲ, ಏಳಕ್ಕೇ ಬಂದ.”

ನಾನು ನಗಲಿಲ್ಲ. ಅವರ ಕಾಲುಗಳನ್ನು ನೋಡುತ್ತಿದ್ದೆ. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು.

“ಸಕ್ಕರೆ ಕಾಯಿಲೆ ಕಣಮ್ಮ, ಇಪ್ಪತ್ತು ವರ್ಷ ಆಯ್ತು. ಮೊನ್ನೆ ರಕ್ತ ಕೊಟ್ಟಿದ್ದೆ. ಈ ರಿಪೋರ್ಟನ್ನ ಇವನಿಗೆ ತೋರಿಸೋಣ ಅಂದ್ರೆ ಮನೇಲಿ ಕೈಗೇ ಸಿಗಲ್ಲ. ನೀನೇ ನೋಡು ಮಗಳೇ, ಓದಿದವಳು.”

ಕ್ರಿಯಾಟಿನಿನ್ 3.4; ಕಿಡ್ನಿ ಸರಿಯಿದ್ದರೆ ಒಂದರ ಆಸುಪಾಸು ಇರಬೇಕಾದದ್ದು. ಅವತ್ತು ಅಪ್ಪನದು 3.1 ಇತ್ತು.

ಕಾಗದವನ್ನು ಮಡಚಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಅವನು ಬಂದು ತಾಯಿಯನ್ನು ಒಳಗೆ ಕರೆದೊಯ್ದ. ನಾನು ಏಳಲಿಲ್ಲ. ಎದುರಿನ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆದವು. ಆ ನಾಲ್ಕು ನಿಮಿಷ ನನಗೆ ಹಿತವಾಗಿತ್ತು; ಸುಳ್ಳು ಬರೆಯಲಾರೆ. ಆಮೇಲೆ ಹೊಳೆಯಿತು: ನಾಳೆ ದೊಡ್ಡ ಡಾಕ್ಟರು ಅವನಿಗೂ ಅದೇ ಮಾತು ಹೇಳುತ್ತಾರೆ. ಆ ಮದ್ದೊಂದೇ ಕಾರಣ ಅಂತ ಹೇಳೋಕಾಗಲ್ಲ. ಅವನು ಅದನ್ನು ಹೊದ್ದುಕೊಂಡು ಹಾಯಾಗಿ ಮಲಗುತ್ತಾನೆ. ಅದಕ್ಕೆ ನಾನು ಬಿಡುವುದಿಲ್ಲ.

ಒಳಗೆ ಹೋದೆ. ತಾಯಿ ಮೆಷಿನ್ನಿನ ಹಲಗೆಯ ಮೇಲೆ ಮಲಗಿದ್ದರು, ತೋಳಿಗೆ ಸೂಜಿ ಚುಚ್ಚಿಯಾಗಿತ್ತು. ಮದ್ದು ಇನ್ನೂ ಬಿಟ್ಟಿರಲಿಲ್ಲ.

“ಸಾರ್, ನಾಲ್ಕನೇ ಪ್ರಶ್ನೆ ಓದಿ,” ಎಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

“ಏನಮ್ಮ ನಿಂದು? ಹೊರಗೆ ಜನ...”

“ಜನ ಕಾಯ್ತಾರೆ. ಜೋರಾಗಿ ಓದಿ. ನಿಮ್ಮಮ್ಮನಿಗೂ ಕೇಳ್ಲಿ.”

ಅವನ ಮುಂದೆ ರಿಪೋರ್ಟು ಹಿಡಿದೆ. ಪಕ್ಕದಲ್ಲಿ, ದಿನವೂ ಜೊತೆಗೇ ತರುತ್ತಿದ್ದ ಅಪ್ಪನ ಫಾರಂನ ನಕಲು. ಅವನು ಮೊದಲು ಅಂಕಿ ನೋಡಿದ, ಆಮೇಲೆ ಗೆರೆ.

“ಇದನ್ನೆಲ್ಲ ಡಾಕ್ಟರು ನೋಡ್ಬೇಕು,” ಎಂದ.

“ಎಲ್ಲ ಇಲ್ಲ ಅಂತ ನೀವೇ ಬರೆದ್ಮೇಲೆ ಅವರೇನು ನೋಡ್ತಾರೆ?”

“ಏನೋ ಅದು?” ಎಂದರು ತಾಯಿ ಮಲಗಿದಲ್ಲಿಂದಲೇ. “ಆ ಹುಡುಗಿ ಏನು ಕೇಳ್ತಿದಾಳೆ? ಹೇಳೋ.”

ಅವನು ಸೂಜಿ ತೆಗೆದ. ಹೇಳುವುದನ್ನು ಅವನಿಗೇ ಬಿಟ್ಟು, ಮೇಜಿನ ಮೇಲೆ ಉಳಿದಿದ್ದ ಗೆರೆ ಎಳೆದ ಹನ್ನೊಂದು ಫಾರಂಗಳನ್ನು ಒಯ್ದು ಡಾಕ್ಟರ ಮುಂದೆ ಇಟ್ಟೆ.

ಕೆಲಸದಿಂದ ಅವನನ್ನು ತೆಗೆಯಲಿಲ್ಲ. ಕೌಂಟರಿಗೆ ಹಾಕಿದರು: ಒಬ್ಬೊಬ್ಬರನ್ನೂ ಕೇಳಿ, ಅವರೆದುರಿಗೇ ಬರೆಯಬೇಕು. ತೆಗೆದಿದ್ದರೆ ನನಗೆ ನಷ್ಟವಾಗುತ್ತಿತ್ತು.

ಮುಂದಿನ ವಾರ ಅಪ್ಪನಿಗೆ ಎದೆಯ ಸ್ಕ್ಯಾನ್ ಇತ್ತು, ಮದ್ದಿಲ್ಲದ್ದು. ಮನೆಯ ಹತ್ತಿರವೇ ಇನ್ನೊಂದು ಸೆಂಟರಿದೆ. ನಾನು ಎರಡು ಬಸ್ಸು ಬದಲಿಸಿ ಇಲ್ಲಿಗೇ ಕರೆತಂದೆ.

“ಕಿಡ್ನಿ ತೊಂದರೆ ಇದೆಯಾ?” ಸ್ಪೀಡಣ್ಣ ತಲೆಯೆತ್ತದೆ ಕೇಳಿದ.

“ಇದೆಯಪ್ಪಾ, ಡಯಾಲಿಸಿಸ್ ನಡೀತಿದೆ,” ಎಂದರು ಅಪ್ಪ.

“ಡಯಾಲಿಸಿಸ್... ಯಾವಾಗಿಂದ?”

ಅಪ್ಪ ನೆನಪು ಮಾಡಿಕೊಳ್ಳುತ್ತಿದ್ದರು. ನಾನು ತಾರೀಖು ಹೇಳಿದೆ. ಜೊತೆಗೆ, ಅದಕ್ಕೆ ಮೂರು ದಿನ ಮೊದಲು ಇದೇ ಕೌಂಟರಿನಲ್ಲಿ ಸೈನ್ ಹಾಕಿದ ತಾರೀಖನ್ನೂ ಹೇಳಿದೆ.

ಅವನು ಪೆನ್ನು ನಿಲ್ಲಿಸಿ, ತಲೆಯೆತ್ತಿ ಅಪ್ಪನ ಮುಖ ನೋಡಿದ.

“ಬರೀರಿ ಸಾರ್,” ಎಂದೆ. “ನಮಗೇನೂ ಆತುರವಿಲ್ಲ.”