ಸೋಮವಾರದ ತಲೆ

ವಿಗ್ಗಿನ ಮುಂದಲೆಯ ಅಂಚು ಬಿಟ್ಟುಕೊಂಡಿತ್ತು, ಹಿಂದಿನದು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಶಹಾತ ಹತ್ತಿಯನ್ನು ಮತ್ತೊಮ್ಮೆ ಸ್ಪಿರಿಟ್ಟಿನಲ್ಲಿ ಅದ್ದಿ, ಹೆಣದ ಕಿವಿಯ ಹಿಂದೆ ಒತ್ತಿ ಹಿಡಿದ.

"ಬರುತ್ತೋ ಇಲ್ವೋ ಉಸ್ತಾ?" ಹೆಣ ತೊಳೆಯಲು ಬಂದಿದ್ದ ಹಾಜಿ ಮಿತ್ವಲ್ಲಿ ತಂಬಿಗೆ ಹಿಡಿದು ಕಾಯುತ್ತಿದ್ದ. "ನೀರು ಚರ್ಮಕ್ಕೆ ತಾಗ್ಬೇಕು. ಇಲ್ದಿದ್ರೆ ಸ್ನಾನ ಆದಂಗಲ್ಲ."

"ಬರುತ್ತೆ ತಡ್ಕೊ. ಎಳೆದ್ರೆ ಚರ್ಮ ಕಿತ್ತು ಬರುತ್ತೆ."

"ಅವನಿಗಿನ್ನು ನೋಯಲ್ಲಪ್ಪ."

"ನಂಗೆ ನೋಯುತ್ತೆ."

ಕೊನೆಗೂ ವಿಗ್ಗು ಕೈಗೆ ಬಂತು. ಶಹಾತ ಅದನ್ನು ಪತ್ರಿಕೆಯಲ್ಲಿ ಸುತ್ತಿ ತನ್ನ ಕ್ಷೌರದ ಚೀಲಕ್ಕೆ ಹಾಕಿಕೊಂಡ. ಅಲೆಕ್ಸಾಂಡ್ರಿಯಾದ ಬಿಸಿಲಿಗೆ ಗೆಳೆಯ ವಗ್ದಿಯ ಮುಖ, ಕತ್ತು ಕಂದಿದ್ದವು. ನೆತ್ತಿ ಮಾತ್ರ ಹಸುಗೂಸಿನದರಂತೆ ಬೆಳ್ಳಗಿತ್ತು.

ವಗ್ದಿ ಜಮೀನು ನೋಂದಣಿ ಕಚೇರಿಯಲ್ಲಿ ಗುಮಾಸ್ತ. ವಯಸ್ಸು ಐವತ್ತೈದು. ಬೆಳಿಗ್ಗೆ ಷೂ ಹಾಕಿಕೊಳ್ಳಲು ಬಗ್ಗಿದವನು ಎದೆ ಹಿಡಿದು ಕೂತ, ಮತ್ತೆ ಏಳಲಿಲ್ಲ. ತೊಳೆಯುವಾಗ ನೀರು ಎತ್ತಿಕೊಡಲು ಹತ್ತಿರದ ಗಂಡಸೊಬ್ಬ ಇರಬೇಕು. ಹೆಂಡತಿಯ ತಮ್ಮ ತೋಳು ಮಡಚಿಕೊಂಡು ಮುಂದೆ ಬಂದಿದ್ದ. ಶಹಾತ ಅವನನ್ನು ಮಸೀದಿಯಿಂದ ಹೆಣದ ಪೆಟ್ಟಿಗೆ ತರಲು ಅಟ್ಟಿ, ಕೋಣೆಯ ಚಿಲಕ ಹಾಕಿಕೊಂಡಿದ್ದ.

"ನಲವತ್ತು ವರ್ಷದಿಂದ ತೊಳೀತಿದೀನಿ," ಎಂದ ಮಿತ್ವಲ್ಲಿ, ನೀರು ಹೊಯ್ಯುತ್ತ. "ಈ ಊರಲ್ಲಿ ಅರ್ಧಕ್ಕರ್ಧ ಬಕ್ಕತಲೆಗಳೇ. ನಂದೂ ನೋಡು ಬೇಕಾದ್ರೆ, ಟೋಪಿ ಕೆಳಗೆ ಏನೂ ಇಲ್ಲ. ಇದ್ರಲ್ಲಿ ಮುಚ್ಚಿಡೋ ಅಂಥದ್ದೇನಿದೆ?"

"ಅವನನ್ನೇ ಕೇಳ್ಬೇಕಿತ್ತು."

"ಈಗ ಕೇಳಿದ್ರೆ ಹೇಳ್ತಾನಾ? ತಿರುಗಿಸು, ಎಡಗಡೆ ಆಗ್ಲಿ."

*

ಸೋಮವಾರ ಕ್ಷೌರದವರಿಗೆ ರಜ. ಇಪ್ಪತ್ತಾರು ವರ್ಷದ ಹಿಂದೆ ಅಂಥದೊಂದು ಸೋಮವಾರ, ಅರ್ಧ ಇಳಿಸಿದ್ದ ಶಟರ್ ಕೆಳಗೆ ಬಗ್ಗಿ ವಗ್ದಿ ಅಂಗಡಿಯೊಳಗೆ ಬಂದಿದ್ದ. ಕಂಕುಳಲ್ಲಿ ಪೊಟ್ಟಣ. ಮದುವೆಗೆ ಮೂರು ತಿಂಗಳಿತ್ತು.

ಅದಕ್ಕೂ ಮೊದಲು ಎಲ್ಲಾ ಮಾಡಿ ನೋಡಿದ್ದ. ಈರುಳ್ಳಿ ರಸ, ಬೆಳ್ಳುಳ್ಳಿ, ಗರ್ಗೀರ್ ಸೊಪ್ಪಿನ ಎಣ್ಣೆ. ಕಚೇರಿಯಲ್ಲಿ ಪಕ್ಕದ ಮೇಜಿನವರು ಮೂಗು ಮುಚ್ಚಿಕೊಂಡಿದ್ದೇ ಬಂತು. ನಿಶ್ಚಿತಾರ್ಥದ ದಿನ ಹುಡುಗಿಯ ಸೋದರಮಾವ, "ಹುಡುಗ ಅಪ್ಪಟ ಚಿನ್ನ, ಮೇಲಿನ ಸೂರು ಮಾತ್ರ ಸೋರ್ತದೆ," ಎಂದು ಮನೆಮಂದಿಯನ್ನೆಲ್ಲ ನಗಿಸಿದ್ದ. ಹುಡುಗಿಯೂ ನಕ್ಕಿದ್ದಳು. ಮುಸುಕಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಒಂದೇ ಒಂದು ಸಲ.

"ನಕ್ಕರೆ ನಕ್ಕಳು ಬಿಡೋ," ಎಂದಿದ್ದ ಶಹಾತ. "ಕೂದಲು ಉದುರೋದು ಒಂದು ವಿಷಯಾನಾ?"

"ಹಾಗಂತ ಕೂದಲಿರೋರೇ ಹೇಳೋದು."

ಶಹಾತನ ತಲೆಯಲ್ಲಿ ಆಗಲೂ ಈಗಲೂ ಕಂಬಳಿಯ ಹಾಗೆ ಕೂದಲು. ಅವನು ಪೊಟ್ಟಣ ಬಿಚ್ಚಿದ. ಒಳಗೆ ವಿಗ್ಗು. ಕೈರೋದ ಡಾಕ್ಟರ ಔಷಧಿ ಹಿಡಿಯಿತೆಂದು ವಗ್ದಿ ಸುದ್ದಿ ಹಬ್ಬಿಸಿದ. ವಿಳಾಸ ಕೇಳಿದವರಿಗೆಲ್ಲ, ಪಾಪ, ಆ ಡಾಕ್ಟರು ತೀರಿಕೊಂಡರು ಎಂದ.

ಅಲ್ಲಿಂದ ಮುಂದೆ ಶಹಾತನಿಗೆ ಸೋಮವಾರದ ರಜ ಅನ್ನುವುದೇ ಉಳಿಯಲಿಲ್ಲ. ಅಂಟು ಬಿಡಿಸಿ, ನೆತ್ತಿ ತೊಳೆದು, ಒರೆಸಿ, ಮತ್ತೆ ಅಂಟಿಸಬೇಕು. ಗಿಡ್ಡದೊಂದು, ಉದ್ದದೊಂದು ವಿಗ್ಗು ಇದ್ದವು, ಕೂದಲು ಬೆಳೆದಂತೆಯೂ ಕತ್ತರಿಸಿದಂತೆಯೂ ಕಾಣಲಿ ಎಂದು. ವರ್ಷಕ್ಕೆ ಹತ್ತು ಹದಿನೈದು ಬಿಳಿ ಎಳೆ ಸೇರಿಸಿ ಹೆಣೆಯುತ್ತಿದ್ದ. ಅಷ್ಟು ಚೆನ್ನಾಗಿ ವಗ್ದಿಗೆ ವಯಸ್ಸಾಗಿಸಿದ್ದು ದೇವರಲ್ಲ, ಶಹಾತನೇ.

ಕಡಲಿನ ಪಕ್ಕದಲ್ಲೇ ಬದುಕಿದವನು ಒಂದು ದಿನವೂ ನೀರಿಗಿಳಿಯಲಿಲ್ಲ. ಮಗಳು ನಿಹಾಲ್ ಅಲೆಯಲ್ಲಿ ನಿಂತು ಕರೆದರೆ, ಛತ್ರಿಯ ಕೆಳಗೆ ಷೂ ಹಾಕಿಕೊಂಡೇ ಕೂತು ಕೈ ಬೀಸುತ್ತಿದ್ದ. ಹೆಂಡತಿ ಇನ್ಸಾಫ್ ಉಮ್ರಾ ಯಾತ್ರೆಗೆ ಹೋಗೋಣವೆಂದು ವರ್ಷ ವರ್ಷವೂ ಕೇಳಿದಳು. ಮೆಕ್ಕಾದಲ್ಲಿ ಗಂಡಸರು ಬರಿತಲೆಯಲ್ಲಿರಬೇಕು, ಕೊನೆಗೆ ಕೂದಲು ತೆಗೆಸಬೇಕು. ಅವನಿಗೆ ಒಂದು ವರ್ಷ ಮಂಡಿ ನೋವು, ಇನ್ನೊಂದು ವರ್ಷ ರಜೆ ಸಿಗಲಿಲ್ಲ. ಇನ್ಸಾಫ್ ಕೇಳುವುದನ್ನು ಬಿಟ್ಟಳು.

ಮದುವೆಯಾದ ಹೊಸದರಲ್ಲಿ ಒಂದು ಸಲ ಅವನು ಜ್ವರ ಬಂದು ಮಲಗಿದ್ದಾಗ ಅವಳು ತಲೆ ಸವರಲು ಕೈ ಚಾಚಿದ್ದಳಂತೆ. ಮಣಿಕಟ್ಟು ಹಿಡಿದು ತಿರುಚಿಬಿಟ್ಟಿದ್ದ. ಮೂರು ದಿನ ಊದಿಕೊಂಡಿತ್ತು.

"ಇನ್ನು ಚಾಚಲ್ಲ ಬಿಡು," ಎಂದಿದ್ದ ವಗ್ದಿ ಆ ಸೋಮವಾರ, ಗಂಡಾಂತರ ಕಳೆದವನಂತೆ. ಆಮೇಲೆ, "ನಾನು ಸತ್ತಾಗಲೂ ನೀನೇ ಬರ್ಬೇಕು. ಅವಳು ನೋಡಬಾರ್ದು. ಮಾತು ಕೊಡು," ಎಂದ. ಶಹಾತ ಕೊಟ್ಟ. ಕೊಡುವಾಗ ಅವನಿಗೆ ಹೆಮ್ಮೆಯೂ ಆಗಿತ್ತು.

*

ಕಫನ್ ಬಟ್ಟೆ ಸುತ್ತಿ ಆಯಿತು. ಪಾದದ ಗಂಟು, ಸೊಂಟದ ಗಂಟು ಬಿದ್ದವು. ಹುಬ್ಬಿನಿಂದ ಗದ್ದದವರೆಗೆ ಮುಖವನ್ನಷ್ಟೇ ಬಿಟ್ಟು ಮಿತ್ವಲ್ಲಿ ಮನೆಯವರನ್ನು ಕರೆದ. ತಲೆಯ ಗಂಟು ಅವರು ನೋಡಿದ ಮೇಲೆ. ಅದು ಒಮ್ಮೆ ಬಿತ್ತೆಂದರೆ ಬಿಚ್ಚುವುದು ಗೋರಿಯೊಳಗೇ.

ನಿಹಾಲ್ ಅಪ್ಪನ ಕೆನ್ನೆಗೆ ಮುತ್ತಿಟ್ಟಳು. ಪೆಟ್ಟಿಗೆ ತಂದಿದ್ದ ಸೋದರಮಾವ ಅವಳನ್ನು ಆಚೆ ಕರೆದುಕೊಂಡು ಹೋದ. ಇನ್ಸಾಫ್ ಅಳಲಿಲ್ಲ. ಬಗ್ಗಿ, ಹುಬ್ಬಿನ ಮೇಲಿನ ಬಟ್ಟೆಯ ಅಂಚಿಗೆ ಬೆರಳಿಟ್ಟಳು.

"ಬೇಡ ಅತ್ತಿಗೆ," ಎಂದ ಶಹಾತ.

"ಯಾಕೆ?"

ಅವನು ಕ್ಷೌರದ ಚೀಲವನ್ನು ಕಾಲಿನಿಂದ ಹಿಂದಕ್ಕೆ ಸರಿಸಿದ.

"ದಿಂಬಿನ ಚೀಲ ಒಗೆಯೋಳು ನಾನು, ಶಹಾತಣ್ಣ. ಮದುವೆಯಾದ ಮೊದಲನೇ ವಾರವೇ ಅಂಟು ಕಂಡಿದ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ನಂಗೆ ನೋಡೋದೂ ಬೇಡ, ಕಣ್ಣು ಮುಚ್ಕೋತೀನಿ. ಒಂದ್ಸಲ ಕೈ ಇಡ್ತೀನಿ ಅಷ್ಟೆ."

"ಅವನಿಗೆ ಮಾತು ಕೊಟ್ಟಿದೀನಿ."

"ಹೇಳಿದ್ರೆ ನಾನೇನು ನಗ್ತಿದ್ನಾ?"

ಶಹಾತನಿಗೆ ಆ ಮುಸುಕು, ಆ ಒಂದು ನಗು ನೆನಪಾಯಿತು. ಇವಳಿಗೆ ಅದರ ನೆನಪೇ ಇಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಇಪ್ಪತ್ತಾರು ವರ್ಷ ಒಬ್ಬ ಮನುಷ್ಯ ಯಾವುದಕ್ಕೆ ಹೆದರಿ ಬದುಕಿದನೋ ಅದು ಅವಳ ಪಾಲಿಗೆ ನಡೆದೇ ಇರಲಿಲ್ಲ.

"ಕೈ ಇಡೋಕೆ ಬಿಡೋ ಉಸ್ತಾ," ಎಂದ ಮಿತ್ವಲ್ಲಿ, ಗೋಡೆಯ ಕಡೆ ತಿರುಗಿ. "ಹೆಂಡತಿ ಅಲ್ವಾ."

ಹೊರಗಿನಿಂದ ಯಾರೋ ಬಾಗಿಲು ತಟ್ಟಿ, ಇಳಿಮಧ್ಯಾಹ್ನದ ಅಸರ್ ನಮಾಜಿಗೆ ಹೊತ್ತಾಯಿತೆಂದು ಕೂಗಿದರು. ಶಹಾತ ಅವಳಿಗೆ ಕೈ ಇಡಲು ಬಿಡಬಹುದಿತ್ತು. ಆದರೆ ಅವಳ ಕೈ ಅಲ್ಲಿ ಬಿದ್ದರೆ ಆ ಅಷ್ಟೂ ಸೋಮವಾರಗಳು ದಂಡವಾದವು ಅನ್ನಿಸಿತು. ಇನ್ನೂ ಒಂದು ಕಾರಣವಿತ್ತು. ಆ ತಲೆ ತನ್ನೊಬ್ಬನದೇ ಎಂದು ಅವನು ಯಾವತ್ತಿನಿಂದಲೋ ಅಂದುಕೊಂಡುಬಿಟ್ಟಿದ್ದ. ಶಹಾತ ಬಟ್ಟೆಯನ್ನು ಮುಖದ ಮೇಲೆ ಎಳೆದ. ಕ್ಷೌರದವನ ಬೆರಳು, ಗಂಟು ಬೀಳಲು ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಇನ್ಸಾಫಳ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದನ್ನು ಮುಸುಕಿನೊಳಗೆ ಎಳೆದುಕೊಂಡಳು.

ನಮಾಜು ಮುಗಿಯಿತು. ಕಬರಸ್ಥಾನದಲ್ಲಿ ಹೆಂಗಸರು ದೂರದ ಗೋಡೆಯ ಹತ್ತಿರ ನಿಂತರು. ಗೋರಿಗೆ ಇಳಿಯಬೇಕಾಗಿದ್ದ ಶಹಾತ ಇಳಿಯಲಾರದೆ ಮೇಲೇ ನಿಂತ. ಇಳಿದಿದ್ದ ಮಿತ್ವಲ್ಲಿ ಒಳಗಿನ ಕತ್ತಲಿಂದ, "ತಲೆ ಗಂಟು ಬಿಚ್ಚಿದೆ. ಕಲ್ಲು ಕೊಡಿ," ಎಂದ. ಶಹಾತ ಕೊಟ್ಟ ಮಾತು ಪೂರ್ತಿ ನಡೆದಿತ್ತು. ಅವನು ಹೆಂಗಸರು ನಿಂತಿದ್ದ ಗೋಡೆಗೆ ಬೆನ್ನು ಹಾಕಿ ನಿಂತ.

*

ಇಳಿಹೊತ್ತಿಗೆ ಮನೆಯ ಮುಂದೆ ಸಾಲು ಕುರ್ಚಿ ಹಾಕಿ, ಬಂದವರಿಗೆಲ್ಲ ಸಕ್ಕರೆಯಿಲ್ಲದ ಕಾಫಿ ಕೊಡುತ್ತಿದ್ದರು. ಇನ್ಸಾಫ್ ಒಳಬಾಗಿಲಿಗೆ ಬಂದು ಶಹಾತನನ್ನು ಕರೆದಳು. ಬೈಯುತ್ತಾಳೆಂದುಕೊಂಡು ಹೋದ. ಬೈದರೆ ಸಾಕೆಂದೂ ಇತ್ತು.

"ಹೇಗಿತ್ತು?" ಎಂದಳು.

ಅವನು ನೆಲ ನೋಡುತ್ತ ಹೇಳಿದ. "ಬೆಳ್ಳಗಿತ್ತು. ಎಡಗಿವಿ ಮೇಲೊಂದು ಮಚ್ಚೆ. ನಡುನೆತ್ತಿಲಿ ಸಣ್ಣ ಗುಳಿ, ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದಿದ್ದಂತೆ."

"ಬಿದ್ದಿದ್ದು ನಂಗೆ ಹೇಳಿರ್ಲಿಲ್ಲ."

ಶಹಾತ ಕಾಫಿ ಲೋಟವನ್ನು ಬಲಗೈಗೆ ಬದಲಿಸಿಕೊಂಡ.

"ಬೆಚ್ಚಗಿರ್ತಿತ್ತಾ?"

"ಇರ್ತಿತ್ತು ಅತ್ತಿಗೆ. ತೆಗೆದ ತಕ್ಷಣ ಮುಟ್ಟಿದ್ರೆ, ತುಂಬ ಬೆಚ್ಚಗಿರ್ತಿತ್ತು."

ಇನ್ಸಾಫ್ ಅವನ ಮುಖ ನೋಡಲಿಲ್ಲ. ಕಾಫಿ ಲೋಟ ಹಿಡಿದಿದ್ದ ಅವನ ಬಲಗೈಯನ್ನೇ ನೋಡುತ್ತ ನಿಂತಳು. ಒಳಗಿನಿಂದ ಹೆಂಗಸರು ಕರೆದರೂ ಕದಲಲಿಲ್ಲ. ಶಹಾತನಿಗೆ ಆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.