ಇರುವೆ ಹೊತ್ತ ರೊಟ್ಟಿ

“ಅಮ್ಮೇ, ಇನ್ನ್ ಞಾನ್ ಕೋಸಂಬರಿ ಉಂಡಾಕ್ಕಿ!” ಎಂದು ಮಲಯಾಳದಲ್ಲಿ ಕೂಗುತ್ತಲೇ ಗ್ರೀಷ್ಮಾ ಮೆಟ್ಟಿಲು ಹತ್ತಿ ಬಂದಳು. ಫ್ರಾಕಿನ ತುಂಬ ಸೌತೆಕಾಯಿ ಚೂರು, ಕೂದಲಲ್ಲಿ ಒಂದು ಕೊತ್ತಂಬರಿ ಎಲೆ.

“ಕನ್ನಡದಲ್ಲಿ ಹೇಳು ಮಗಾ,” ಎಂದಳು ಹರಿಣಾಕ್ಷಿ. “ನಾನು ಇವತ್ತು ಕೋಸಂಬರಿ ಮಾಡಿದೆ. ಹೇಳು ನೋಡುವ.”

“ವೇಂಡ,” ಎಂದು ಮಗು ತಲೆ ಕೊಡವಿ, ತಟ್ಟೆ ಮುಂದೆ ಕುಳಿತು, ಅಮ್ಮ ಮಾಡಿದ ನೀರ್‌ದೋಸೆಯನ್ನು ಬೆರಳಲ್ಲಿ ಆಚೆ ತಳ್ಳಿತು. ಹೊಟ್ಟೆ ತುಂಬಿದೆಯಂತೆ! ಮನೆಯಲ್ಲಿ ಸೌತೆಕಾಯಿ ಕಂಡರೆ ಮೂಗು ಮುರಿಯುವ ಹುಡುಗಿ, ನಿರ್ಮಲಾಳ ಮನೆಯಲ್ಲಿ ಎರಡು ಬಟ್ಟಲು ತಿಂದು ಬಂದಿದ್ದಳು. ಹರಿಣಾಕ್ಷಿ ತಳ್ಳಿದ ದೋಸೆಯನ್ನು ಎತ್ತಿ ಪಾತ್ರೆಗೆ ಹಾಕಿದಳು.

ಈ ನಿರ್ಮಲಾ ಗದಗಿನ ಕಡೆಯವಳು. ಬ್ಯಾಂಕಿನವರು ಕೊಚ್ಚಿಯಿಂದ ಈ ಊರಿಗೆ, ಶ್ರೀಕಾರ್ಯಕ್ಕೆ ವರ್ಗ ಮಾಡಿದ್ದರಿಂದ ಗಂಡನನ್ನು ಅಲ್ಲೇ ಬಿಟ್ಟು ಒಬ್ಬಳೇ ಬಂದಿದ್ದಳು. ಶನಿವಾರ ಅರ್ಧ ದಿನ ಕೆಲಸ ಮುಗಿಸಿ, ಸುತ್ತಮುತ್ತಲ ಕನ್ನಡದವರ ಮಕ್ಕಳನ್ನು ಕೂಡಿಸಿಕೊಂಡು ಒಂದು ಚಿತ್ರದ ಪುಸ್ತಕ ಓದುವಳು. ಓದಿದ್ದಾದ ಮೇಲೆ ಪುಸ್ತಕದಲ್ಲಿದ್ದ ತಿಂಡಿಯನ್ನು ಮಕ್ಕಳ ಕೈಯಲ್ಲೇ ಮಾಡಿಸುವಳು. ಆನೆ ಸೌತೆ ಹಿತ್ತಲಿಗೆ ನುಗ್ಗಿದ ಕಥೆಗೆ ಕೋಸಂಬರಿ, ಮೊಲ ಜಾತ್ರೆಗೆ ಹೋದ ಕಥೆಗೆ ಎಳ್ಳುಂಡೆ. ಅಷ್ಟೇ ಅವಳ ವಿದ್ಯೆ. ಅದಕ್ಕೇ ಮಕ್ಕಳು ಮುಗಿಬೀಳುತ್ತಿದ್ದವು, ತಾಯಂದಿರು ಬಸ್‌ಸ್ಟಾಪಿನಲ್ಲಿ ನಿಂತು ಹೊಗಳುತ್ತಿದ್ದರು.

ಹಾಗಾದರೆ ಹರಿಣಾಕ್ಷಿ ಏನು ಕಡಿಮೆಯವಳೇ? ಮದುವೆಗೆ ಮುಂಚೆ ಪುತ್ತೂರಿನ ಶಾಲೆಯಲ್ಲಿ ಕನ್ನಡ ಟೀಚರು. ಇವೇ ಮಕ್ಕಳನ್ನು ಭಾನುವಾರ ಕೂರಿಸಿ, ಹಲಗೆಯ ಮೇಲೆ ಅ ಆ ಇ ಈ ತಿದ್ದಿಸಲು ಅವಳೂ ಹೆಣಗಿದ್ದಳು. ಮಕ್ಕಳು ಆಕಳಿಸಿದವು, ತೂಕಡಿಸಿದವು, ಕ್ರಿಕೆಟ್ ಇದೆಯೆಂದು ಜಾರಿದವು. ಕೊನೆಗೆ ಉಳಿದದ್ದು ಗ್ರೀಷ್ಮಾ ಒಬ್ಬಳೇ, ಅವಳೂ ಉತ್ತರ ಕೊಡುತ್ತಿದ್ದದ್ದು ಮಲಯಾಳದಲ್ಲಿ. ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಹೆತ್ತ ಮಗಳು ತನ್ನೊಂದಿಗೆ ಒಂದು ಮಾತು, ಒಂದೇ ಒಂದು ನೆಟ್ಟಗಿನ ಮಾತು ಕನ್ನಡದಲ್ಲಿ ಆಡಲಿ ಎಂಬುದು ಹರಿಣಾಕ್ಷಿಯ ಆಸೆ. ಬೇರೇನೂ ಅವಳಿಗೆ ಬೇಕಿರಲಿಲ್ಲ.

“ಮಗು ಖುಷಿಯಲ್ಲಿ ಉಂಟಲ್ಲ, ನಿನಗೆಂತ ಸಂಕಟ?” ಎಂದು ಕೇಳಿದ ಗಂಡ ವೆಂಕಟರಮಣ. ಗೆಡ್ಡೆಗೆಣಸಿನ ಸಂಶೋಧನೆ ಮಾಡುವ ಅವನಿಗೆ ನೆಲದೊಳಗಿನದೆಲ್ಲ ಕಾಣುತ್ತಿತ್ತು, ಹೆಂಡತಿಯ ಮುಖವೊಂದು ಬಿಟ್ಟು.

“ನನಗೆಂತ ಸಂಕಟ? ನನಗೆ ಎಂತದೂ ಇಲ್ಲ,” ಎಂದು ಅವಳು ಪಾತ್ರೆಯನ್ನು ಕುಕ್ಕಿದಳು.

ಮುಂದಿನ ಶುಕ್ರವಾರ ಸಂಜೆ, ಇಸಿದುಕೊಂಡಿದ್ದ ಬಾಣಲೆ ಹಿಂದಿರುಗಿಸುವ ನೆವದಲ್ಲಿ ನಿರ್ಮಲಾಳ ಮನೆಗೆ ಹೋದಳು. ಸ್ಟೂಲಿನ ಮೇಲೆ ಮಾರನೆಯ ದಿನದ ಪುಸ್ತಕವಿತ್ತು: ಮುಖಪುಟದಲ್ಲಿ ತನಗಿಂತ ದೊಡ್ಡ ರೊಟ್ಟಿ ಹೊತ್ತ ಪುಟ್ಟ ಇರುವೆ.

“ಹ್ವಾದ ತಿಂಗಳ ಓದಿದ್ವಿರಿ ಅಕ್ಕಾರ, ಆದ್ರ ಜ್ವಾಳದ ಹಿಟ್ಟ ಸಿಗ್ಲಿಲ್ಲ. ಈಗ ನಮ್ಮನಿಯವರು ಕೊಚ್ಚಿ ಮಟ್ಟಾಂಚೇರ್ಯಾಗ ಒಂದ್ ಅಂಗಡಿ ಹುಡುಕ್ಯಾರ. ನಾಳೆ ಹುಡುಗೂರು ರೊಟ್ಟಿ ಬಡೀತಾವ ನೋಡ್ರಿ!” ಎಂದ ನಿರ್ಮಲಾ ಚಹಾ ಮಾಡಲು ಒಳಗೆ ಹೋದಳು.

ಹರಿಣಾಕ್ಷಿ ಯೋಚಿಸಲಿಲ್ಲ. ಕೈ ತಾನಾಗಿ ಹೋಯಿತು. ಚಹಾ ಬರುವಷ್ಟರಲ್ಲಿ ಇರುವೆಯೂ ರೊಟ್ಟಿಯೂ ಅವಳ ಬಟ್ಟೆಚೀಲದೊಳಗೆ ಸೇರಿದ್ದವು. ಮನೆಗೆ ಬಂದವಳೇ ಅಕ್ಕಿ ಡಬ್ಬಿಯೊಳಗೆ ಪುಸ್ತಕವನ್ನು ಹೂತು, ಮೇಲೆ ಅಕ್ಕಿ ಸವರಿ, ಮುಚ್ಚಳ ಒತ್ತಿದಳು. ಮಾಡಲಿ ಈಗ, ನೋಡುವ!

ಶನಿವಾರ ತಾನೂ ಮಗಳ ಜೊತೆ ಹೊರಟಳು. ನಿರ್ಮಲಾ ಮಂಚದ ಕೆಳಗೆ, ಬೀರುವಿನ ಹಿಂದೆ ತಡಕಾಡುತ್ತಿದ್ದಳು. “ಅಯ್ಯ ಶಿವನ, ಎಲ್ಲಿ ಹೋತಿದು? ಇಲ್ಲೇ ಇಟ್ಟಿದ್ನೆಲ್ಲ!”

“ಎಲ್ಲಿ ಹೋಗ್ತದೆ ಮಾರಾಯ್ರೇ, ಸರಿ ನೋಡಿ,” ಎಂದು ಹರಿಣಾಕ್ಷಿಯೂ ದಿಂಬು ಎತ್ತಿ ಎತ್ತಿ ಹುಡುಕಿದಳು. ಆಹಾ, ಏನು ಉಪಕಾರ!

ನಿರ್ಮಲಾ ಸೆರಗಿನಿಂದ ಮುಖ ಒರೆಸಿಕೊಂಡು ಚಾಪೆಯ ಮೇಲೆ ಕುಳಿತುಬಿಟ್ಟಳು. “ಹೋಗ್ಲಿ ಬಿಡು. ಕಥಿ ಯಾರಿಗೆ ನೆನಪೈತಿ? ಯಾರು ಹೇಳ್ತೀರಿ?”

ಗ್ರೀಷ್ಮಾ ಎದ್ದು ನಿಂತಳು.

“ಒಂದ್ ಇರವಿ ಇತ್ತು. ಅದರ ಅಜ್ಜಿಗೆ ಜ್ವರ ಬಂದಿತ್ತು. ಇರವಿ ರೊಟ್ಟಿ ಹೊತ್ಕೊಂಡು ಹೊಂಟ್ತು. ಗಾಳಿ ಬಂತು. ಇರವಿ ಅಂತು, ಏ ಗಾಳೆಪ್ಪಾ, ತಡಿ! ಇದು ನಮ್ಮಜ್ಜಿ ರೊಟ್ಟಿ, ನಿನಗ ಕೊಡಂಗಿಲ್ಲ!” ಸೊಂಟದ ಮೇಲೆ ಕೈಯಿಟ್ಟುಕೊಂಡು, ಗಾಳಿಯನ್ನು ಗದರಿಸಿ, ಮಳೆಯನ್ನು ಗದರಿಸಿ, ಅಜ್ಜಿಯ ಬಾಯಿಗೆ ರೊಟ್ಟಿ ಇಡುವವರೆಗೆ ಎಲ್ಲೂ ತಡವರಿಸದೆ ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದವು.

ಬಾಗಿಲ ಬಳಿ ನಿಂತ ಹರಿಣಾಕ್ಷಿಗೆ ಕಣ್ಣು ತುಂಬಿ ಬಂತು. ಮಗಳಿಗೆ ಕನ್ನಡ ಬರುತ್ತದೆ! ಮರುಗಳಿಗೆಯೇ ಎದೆ ಉರಿಯಿತು. ಆ ಮಾತಿನಲ್ಲಿ ತನ್ನದೊಂದು ‘ಉಂಟು’ ಇಲ್ಲ, ಒಂದು ‘ಎಂತ’ ಇಲ್ಲ. ಅಷ್ಟೂ ನಿರ್ಮಲಾಳದು, ಕೈ ತಿರುಗಿಸುವ ರೀತಿ ಸಹ. ಹೊತ್ತು ಹೆತ್ತವಳು ತಾನು, ಬಾಯಿ ಕೊಟ್ಟವಳು ಅವಳು.

ಮಕ್ಕಳೆಲ್ಲ ರೊಟ್ಟಿ ಬಡಿದು ತಿಂದ ಮೇಲೆ, ಹೊರಡುವಾಗ ನಿರ್ಮಲಾ ಉಳಿದ ಹಿಟ್ಟನ್ನು ಪೊಟ್ಟಣ ಕಟ್ಟಿ ಕೊಟ್ಟಳು. “ಮನ್ಯಾಗೂ ಬಡೀರಿ ಅಕ್ಕಾರ. ಬಾಳ ಶ್ಯಾಣ್ಯಾ ಐತಿ ನಿಮ್ಮ ಕೂಸು.”

ದಾರಿಯಲ್ಲಿ ಹರಿಣಾಕ್ಷಿ ಮಗಳ ಕೈ ಹಿಡಿದು ಕೇಳಿದಳು, “ಆ ಕಥೆ ನನಗೊಮ್ಮೆ ಹೇಳು ಮಗಾ.”

“ಪಿನ್ನೆ,” ಎಂದಳು ಗ್ರೀಷ್ಮಾ, ಆಮೇಲೆ ನೋಡೋಣ ಎನ್ನುವ ಹಾಗೆ, ಮತ್ತು ಕೈ ಬಿಡಿಸಿಕೊಂಡು ಮುಂದೆ ಓಡಿದಳು.

ಮನೆಗೆ ಬಂದು ಹರಿಣಾಕ್ಷಿ ಪೊಟ್ಟಣ ಬಿಚ್ಚಿದಳು. ತಣ್ಣೀರು ಹಾಕಿ ಕಲೆಸಿದಳು, ಹಿಟ್ಟು ಬಿರುಕು ಬಿಟ್ಟಿತು. ತಟ್ಟಿದರೆ ಮೂರು ತುಂಡು. ನಾಚಿಕೆಯನ್ನು ನುಂಗಿಕೊಂಡು, ಯಾರಾದರೂ ಕೇಳಿಯಾರೆಂದು ಮೆಲ್ಲನೆ ಕರೆದಳು, “ಬಾ ಯವ್ವಾ, ರೊಟ್ಟಿ ಬಡಿಯೂಣು.”

ಗ್ರೀಷ್ಮಾ ಬಾಗಿಲಲ್ಲಿ ನಿಂತು ಕಣ್ಣರಳಿಸಿದಳು. ಆಮೇಲೆ ಕಿಲಕಿಲ ನಕ್ಕಳು. ಓಡಿ ಬಂದು “ಅಂಙನೆಯಲ್ಲ!” ಎಂದು, ಹಾಗಲ್ಲವೆಂದು ಕೈಯಾಡಿಸಿ, ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ತೋರಿಸಿದಳು. ಬಿಸಿನೀರು ಹಾಕಿ ನಾದಿದಾಗ ಹಿಟ್ಟು ಕೂಡಿಕೊಂಡಿತು. ಅಮ್ಮನ ಕೈಯ ಮೇಲೆ ತನ್ನ ಕೈಯಿಟ್ಟು ಮಗು ತಟ್ಟಿಸಿತು. ಟಪ್ ಟಪ್ ಎಂದು ರೊಟ್ಟಿ ಅಗಲವಾಯಿತು, ಹರಿಣಾಕ್ಷಿಗೆ ಎಷ್ಟೋ ದಿನದ ಮೇಲೆ ಹಗುರವೆನಿಸಿತು. ಮೊದಲ ರೊಟ್ಟಿ ಹಂಚಿಗೆ ಬಿತ್ತು. ಎರಡನೆಯದು ಮಣೆಗೆ ಅಂಟಿತು.

ಉದುರಿಸಲು ಒಣಹಿಟ್ಟು ಬೇಕಿತ್ತು. ಪೊಟ್ಟಣ ಖಾಲಿ. ಗ್ರೀಷ್ಮಾ ಮೂಲೆಯ ದೊಡ್ಡ ಡಬ್ಬಿಯ ಮುಚ್ಚಳ ಎಳೆದಳು.

“ಬೇಡ ಮಗಾ, ಅದು ಅಕ್ಕಿ!” ಎಂದಳು ಹರಿಣಾಕ್ಷಿ. ಎರಡೂ ಕೈ ಹಿಟ್ಟಿನಲ್ಲಿ ಸಿಕ್ಕಿಕೊಂಡಿದ್ದವು. ಅಷ್ಟರಲ್ಲಿ ಹಿಟ್ಟಿಗಾಗಿ ತಡಕಾಡಿದ ಮಗುವಿನ ಕೈ ಮೊಣಕೈವರೆಗೆ ಒಳಗೆ ಹೋಗಿ, ಪುಸ್ತಕ ಹಿಡಿದು ಹೊರಗೆ ಬಂದಿತ್ತು.

ಗ್ರೀಷ್ಮಾ ಪುಸ್ತಕ ನೋಡಿದಳು. ಅಮ್ಮನನ್ನು ನೋಡಿದಳು.

“ಅಮ್ಮಾ,” ಎಂದಳು, ಒಂದೊಂದೇ ಮಾತು ಬಿಡಿಸಿ, “ಇದು ಆಂಟೀದು ಐತಿ. ನೀ ಯಾಕ ಮುಚ್ಚಿಟ್ಟಿ?”

ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತ್ತು. ಮಗು ಪುಸ್ತಕವನ್ನು ಎದೆಗೊತ್ತಿಕೊಂಡು ಉತ್ತರಕ್ಕೆ ಕಾಯುತ್ತ ನಿಂತಿತ್ತು. ಹಾಳೆಗಳ ನಡುವಿನಿಂದ ಅಕ್ಕಿಕಾಳು ಒಂದೊಂದಾಗಿ ನೆಲಕ್ಕೆ ಉದುರುತ್ತಿದ್ದವು.